ಎರಡನೇ ಬ್ರೇಕು

ಅಡ್ಡರಸ್ತೆಯಿಂದ ಲಾರಿಯೊಂದು ನುಗ್ಗಿದ್ದೇ ತಡ, ಕಾರು ಗಕ್ಕನೆ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಮಗಳ ಸೂಟ್‌ಕೇಸು ಮುಂದಕ್ಕೆ ಮುಗ್ಗರಿಸಿತು.

ಅದು ಅಮ್ಮನ ಡ್ರೈವಿಂಗ್ ಸ್ಕೂಲಿನ ಕಾರು. ಕಲಿಸುವವರ ಕಾಲಬಳಿಯೂ ಅದಕ್ಕೊಂದು ಬ್ರೇಕು; ಒಂದನ್ನು ಒತ್ತಿದರೆ ಇನ್ನೊಂದೂ ಕೆಳಗಿಳಿಯುತ್ತಿತ್ತು. ಓಡಿಸುವವನು ಎಂಥ ಘಟಾನುಘಟಿಯೇ ಇರಲಿ, ಅವಳ ಕಾಲು ಅದರ ಮೇಲೇ ಕಾವಲಿರುತ್ತಿತ್ತು. ಮೂವರು ಮಕ್ಕಳನ್ನು ಬೆಳೆಸಿದ್ದೂ ಹೆಚ್ಚುಕಡಿಮೆ ಹಾಗೆಯೇ. ದೊಡ್ಡವರಿಬ್ಬರು ಆಗಲೇ ತಮ್ಮ ತಮ್ಮ ದಾರಿ ಹಿಡಿದಿದ್ದರು. ಇವತ್ತು ಕಿರಿಯವಳು ಕೆಲಸಕ್ಕೆಂದು ಬೇರೆ ಊರಿಗೆ ಹೊರಟಿದ್ದಳು. ಸ್ಟೇಷನ್‌ವರೆಗೆ ತಾನೇ ಓಡಿಸುತ್ತೇನೆಂದು ಹಟ ಮಾಡಿ ಸ್ಟಿಯರಿಂಗ್ ಮುಂದೆ ಕೂತಿದ್ದಳು.

"ಸದ್ಯ, ನೀನು ಬ್ರೇಕ್ ಒತ್ತಿದ್ದಕ್ಕೆ ಬಚಾವಾದ್ವಿ ಅಮ್ಮಾ," ಎಂದಳು ಮಗಳು, ಉಸಿರು ಬಿಡುತ್ತ.

ಅಮ್ಮ ತನ್ನ ಕಾಲನ್ನೇ ನೋಡುತ್ತಿದ್ದಳು. "ನಾನೆಲ್ಲಿ ಒತ್ತಿದೆ? ನಾನು ಒತ್ತೋಷ್ಟರಲ್ಲಿ ಈ ಬ್ರೇಕು ಆಗಲೇ ತಳ ಮುಟ್ಟಿತ್ತು. ಒತ್ತಿದ್ದು ನೀನೇ ಕಣೇ."

ಮಗಳು ನಂಬದವಳಂತೆ ಒಮ್ಮೆ ಅವಳತ್ತ ನೋಡಿದಳು.

"ನನ್ನ ಮುಖ ಏನ್ ನೋಡ್ತೀಯಾ? ರಸ್ತೆ ನೋಡು. ನಡಿ, ಟ್ರೈನ್ ತಪ್ಪೀತು!"

ಕಾರು ಹೊರಟಿತು. ಅಮ್ಮ ಚಪ್ಪಲಿ ಕಳಚಿದಳು. ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು, ಆ ಸೀಟಿನಲ್ಲಿ ಮೊದಲ ಸಲ, ಕಿಟಕಿಯಾಚೆ ನೋಡುತ್ತ ಕುಳಿತಳು.