ಲಿಫ್ಟ್ ಇಲ್ಲದ ಗೋಪುರ

ಅತ್ತೆ ಆ ದಿನ ಮೂರನೆಯ ಸಲ ಮೆಟ್ಟಿಲು ಹತ್ತುತ್ತಿದ್ದರು. ಎದೆಗೆ ಅವುಚಿಕೊಂಡದ್ದು ಹತ್ತು ಕಿಲೋ ಹಿಟ್ಟಿನ ಚೀಲ. ನಾಲ್ಕನೆಯ ಮಹಡಿಯ ಬಾಗಿಲಲ್ಲಿ ಮಗ ಕೈಕಟ್ಟಿ ನಿಂತಿದ್ದ.

“ಏನಮ್ಮಾ ಈ ಹುಚ್ಚು? ಅರವತ್ತೇಳು ನಿನಗೆ.”

“ಎಣಿಸೋಕೆ ನಂಗೂ ಬರುತ್ತೆ. ದಾರಿ ಬಿಡು.”

ಹುಚ್ಚು ಶುರುವಾಗಿ ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅತ್ತೆ ಯುರೋಪಿನ ಹಳೆಯ ರಾಜಧಾನಿಯೊಂದರ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದ್ದರು. ನದಿ, ಕಲ್ಲಿನ ಸೇತುವೆ, ಕೋಟೆ, ಗಡಿಯಾರದ ಗೋಪುರ. ಪಕ್ಕದ ದೇಶದಲ್ಲಿದ್ದ ಇವರ ಊರಿನಿಂದ ರೈಲಿನಲ್ಲಿ ಒಂಬತ್ತು ಗಂಟೆಯ ದಾರಿ. “ಮುಂದಿನ ತಿಂಗಳು. ಮೂರು ದಿನ,” ಎಂದಿದ್ದರು, ಅಷ್ಟೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತು ವರ್ಷ ದುಡಿದ ಈ ಹೆಂಗಸು ಊರಾಚೆಯ ಕೆರೆಯನ್ನೂ ನೋಡಲು ಹೋದವರಲ್ಲ.

ಮಗನದು ಔಷಧಿ ಅಂಗಡಿ. ಅಪಾಯಗಳೆಲ್ಲ ಅವನಿಗೆ ಬಾಯಿಪಾಠ. ಮಂಡಿ, ರಕ್ತದೊತ್ತಡ, ಚಳಿ.

“ಆ ಗೋಪುರಕ್ಕೆ ಇನ್ನೂರ ಎಂಬತ್ತು ಮೆಟ್ಟಿಲಂತೆ. ಲಿಫ್ಟ್ ಇಲ್ಲ.”

“ನಮ್ಮನೆಗೂ ಇಲ್ಲ.”

“ಬಿದ್ದರೆ?”

“ಬೀಳಬಾರದು ಅಂತಾನೇ ಹತ್ತಿ ಇಳೀತಿರೋದು.”

ಸೊಸೆ ಎರಡು ವರ್ಷದ ಮಗಳಿಗೆ ಉಣಿಸುತ್ತಾ ಒಳಗೊಳಗೇ ಉರಿದುಕೊಂಡಳು. ಮಗು ಹುಟ್ಟುವ ಮೊದಲು ಅವಳು ಹಳೆಯ ಕಟ್ಟಡಗಳ ದುರಸ್ತಿಗೆ ನಕ್ಷೆ ಬರೆಯುತ್ತಿದ್ದಳು. ಈಗ ಮಾರುಕಟ್ಟೆ ಬಿಟ್ಟರೆ ಮನೆ. ಕಮಾನು ಯಾವುದು, ಕಂಬ ಯಾವುದು ಎಂದು ತಿಳಿಯದ ಅತ್ತೆಗೆ ಸೇತುವೆ ನೋಡುವ ಯೋಗ!

ಸಾಲದ್ದಕ್ಕೆ ಅತ್ತೆ ನೋಟ್‌ಬುಕ್ಕನ್ನು ಅವಳ ಮುಂದೆಯೇ ತಳ್ಳಿದರು.

“ಎಲ್ಲಿಂದ ಶುರು, ಎಲ್ಲಿಗೆ ಮುಗಿಸೋದು, ಬರಿ.”

“ನಿಮಗೇನಿಷ್ಟ ಅಂತ ನಂಗೇನು ಗೊತ್ತು ಅತ್ತೆ?”

“ನಿಂಗಿಷ್ಟವಾದ್ದನ್ನೇ ಬರಿ.”

ಸೊಸೆ ಹಲ್ಲು ಕಚ್ಚಿ ಬರೆದಳು. ಮೊದಲ ದಿನ ಬೆಳಿಗ್ಗೆ ಆರಕ್ಕೇ ಸೇತುವೆ, ಜನ ಮುತ್ತುವ ಮೊದಲು. ಎರಡನೆಯ ದಿನ ಪೂರ್ತಿ ಕಲ್ಲುಕುಟಿಗರ ಬೀದಿ. ಬರೆಯುತ್ತಾ ಬರೆಯುತ್ತಾ ಸಾರು ಒಲೆಯ ಮೇಲೆ ತಳ ಹಿಡಿದದ್ದೂ ತಿಳಿಯಲಿಲ್ಲ.

“ಇಡೀ ದಿನ ಬರೀ ಕಲ್ಲಾ?” ಅತ್ತೆ ಹುಬ್ಬೇರಿಸಿದರು.

“ಬೇಡ ಅಂದ್ರೆ ಹೊಡೆದುಹಾಕ್ತೀನಿ.”

“ಹೊಡೆದುಹಾಕಿದ್ರೆ ನೋಡು ಮತ್ತೆ!”

ಪ್ರಯಾಣಕ್ಕೆ ಎರಡು ದಿನವಿದ್ದಾಗ ಮಗ ಕೊನೆಯ ಅಸ್ತ್ರ ಬಿಟ್ಟ. ಅಮ್ಮನ ಪಾಸ್‌ಪೋರ್ಟನ್ನು ಒಯ್ದು ಅಂಗಡಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. “ಹೇಗೆ ಹೋಗ್ತೀಯೋ ನೋಡೇಬಿಡ್ತೀನಿ.”

“ಇಟ್ಕೋ. ಭದ್ರವಾಗಿರುತ್ತೆ,” ಎಂದು ಅತ್ತೆ ಪ್ರಯಾಣದ ಚೀಲದ ಜಿಪ್ ಎಳೆದರು. ಆ ಚೀಲವನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ಸೊಸೆಗೆ ಆಗ ಎಲ್ಲಿತ್ತೋ ಸಿಟ್ಟು. ಅದು ಅತ್ತೆಯ ಮೇಲಲ್ಲ. “ಕೊಟ್ಬಿಡಿ ಅವರದನ್ನ,” ಎಂದು ಗಂಡನೆದುರು ನಿಂತಳು. “ನನ್ನ ಕಟ್ಟಿಹಾಕಿದ್ದು ಸಾಕು. ಅವರಾದ್ರೂ ಹೋಗಲಿ.”

ಗಂಡ ಬೆಪ್ಪಾಗಿ ನೋಡಿದ. ಬೀಗದಕೈ ಮಾತ್ರ ಜೇಬಿನಿಂದ ಹೊರಬರಲಿಲ್ಲ.

ಹೊರಡುವ ಬೆಳಿಗ್ಗೆ ಅವನು ಮುಖ ಗಂಟಿಕ್ಕಿಕೊಂಡು ಅಂಗಡಿಗೆ ಹೋದ. ಮಗುವನ್ನು ಎತ್ತಿಕೊಂಡು ಸೊಸೆ ನಿಲ್ದಾಣಕ್ಕೆ ಬಂದಳು. ರೈಲು ನಿಂತೇ ಇತ್ತು.

“ಅತ್ತೆ, ಗಡಿಯಲ್ಲಿ ಕೆಳಗಿಳಿಸ್ತಾರೆ.”

“ಯಾರನ್ನೂ ಇಳಿಸಲ್ಲ. ಬೇಕಾದ್ದೆಲ್ಲ ಚೀಲದಲ್ಲಿದೆ. ಮಗೂನ ಇಲ್ಲಿ ಕೊಡು. ಹದಿನಾಲ್ಕನೇ ಸೀಟಿನ ಮೇಲಿನ ಹಲಗೆಗೆ ಚೀಲ ಏರಿಸಿಬಿಡು, ನಂಗೆ ಎಟುಕಲ್ಲ.”

ಸೊಸೆ ಹತ್ತಿದಳು. ಚೀಲವನ್ನು ಮೇಲಕ್ಕೇರಿಸಿ ತಿರುಗಿದಳು. ಅತ್ತೆ ಪ್ಲಾಟ್‌ಫಾರಂ ಮೇಲೆಯೇ ಇದ್ದರು. ಹಿಟ್ಟಿನ ಚೀಲದಷ್ಟೇ ತೂಕದ ಮಗು ಅವರ ಸೊಂಟದ ಮೇಲೆ ಹಾಯಾಗಿ ಕೂತಿತ್ತು.

“ಹತ್ತಿ ಅತ್ತೆ, ಹೊರಡ್ತಿದೆ!”

“ನನ್ನ ಮಗನ ಹತ್ರ ನಾನು ಮಾತಾಡ್ಕೋತೀನಿ,” ಎಂದು ಅತ್ತೆ ಕೂಗಿ ಹೇಳಿದರು. ಬಾಗಿಲು ಮುಚ್ಚಿತು.

ಹಿಂದಿನಿಂದ ಬಂದ ಟಿಕೆಟ್ ಪರೀಕ್ಷಕ ಪಟ್ಟಿಯ ಮೇಲೆ ಬೆರಳಿಟ್ಟು ಸೊಸೆಯ ಮುಖ ನೋಡಿದ: “ಹದಿನಾಲ್ಕು, ಕಿಟಕಿ ಪಕ್ಕ, ಹೆಂಗಸು, ವಯಸ್ಸು ಮೂವತ್ತೊಂದು... ನೀವೇ ತಾನೆ? ಕೂತ್ಕೊಳ್ಳಿ.”