ಕುರಿಗೆ ಟಿಕೆಟ್ ಇಲ್ಲ

"ಈ ಮುದಿ ಕುರೀನ ಚೀಲದೊಳಗೆ ಹಾಕ್ಕೊಳ್ಳೋಕಾಗುತ್ತಾ ನೋಡೋಣ," ಎನ್ನುತ್ತಾ ಫ್ರೌ ಹಿನ್ರಿಕ್ಸ್ ಮೌಸ್ ಒತ್ತಿದರು.

'ಅದು ಆಗುವುದಿಲ್ಲ' ಎಂದು ಪರದೆಯ ಮೇಲೆ ಮೂಡಿತು.

ಅವರ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ವೀಬ್ಕೆ ತುಟಿ ಕಚ್ಚಿ ಹಿಡಿದಳು. ಈ ಕಂಪ್ಯೂಟರ್ ಆಟದ ಕಥೆ ಬರೆದವಳೇ ಅವಳು. ಆದರೆ ಪರೀಕ್ಷೆಗೆಂದು ಕರೆಸಿದವರು ಆಡುತ್ತಿರುವಾಗ ಬರೆದವರು ತುಟಿಪಿಟಕ್ಕೆನ್ನಬಾರದು, ಸುಳಿವು ಕೊಡಬಾರದು, ನಿಟ್ಟುಸಿರು ಕೂಡ ಬಿಡಬಾರದು. ಜರ್ಮನಿಯ ಬ್ರೆಮೆನ್ನಿನ ಸೈಕಲ್ ಅಂಗಡಿಯ ಮೇಲಿರುವ ಈ ಒಂಟಿ ಕೋಣೆಯ ಗೋಡೆಗೆ ಆ ನಿಯಮ ಬರೆದು ಅಂಟಿಸಿದವಳೂ ಅವಳೇ. ಬಾಯಿ ಮುಚ್ಚಿಕೊಂಡು ಕೂರುವುದು ಕಥೆ ಬರೆಯುವುದಕ್ಕಿಂತ ಕಷ್ಟ ಎಂದು ಆಗ ಯಾರಿಗೆ ಗೊತ್ತಿತ್ತು!

ಪರದೆಯ ಮೇಲೆ ಒನ್ನೊ ಎಂಬ ಮುದುಕ ನಿಂತಿದ್ದ. ಎಲ್ಲರೂ ಬಿಟ್ಟುಹೋದ ಪುಟ್ಟ ದ್ವೀಪದಿಂದ ಕೊನೆಯವನಾಗಿ ಹೊರಟವನು. ಹಡಗು ಬಂದಿದೆ, ಆದರೆ ಅವನ ಜೊತೆಗಿರುವ ಕುರಿಗೆ ಟಿಕೆಟ್ ಇಲ್ಲ. ಮುಂದೆ ಹೋಗಲು ಒಂದೇ ದಾರಿ: ಕುರಿಯ ಕೊರಳ ಹಗ್ಗ ಬಿಚ್ಚಿ, ಅದನ್ನು ದಡದಲ್ಲೇ ಬಿಟ್ಟು ಹಡಗು ಹತ್ತಬೇಕು. ಆಮೇಲೆ ಬರುವ ಎರಡು ನಿಮಿಷದ ವಿದಾಯಕ್ಕೆ ವೀಬ್ಕೆ ಆರು ತಿಂಗಳು ಜೀವ ತೇಯ್ದಿದ್ದಳು, ಬರೆಯುವಾಗ ತಾನೇ ಅತ್ತಿದ್ದಳು. ಈವರೆಗೆ ಆಡಿದ ಐದು ಜನವೂ ಸರಕ್ಕನೆ ಹಗ್ಗ ಬಿಚ್ಚಿ, "ಚೆನ್ನಾಗಿದೆ" ಎಂದು ಎದ್ದುಹೋಗಿದ್ದರು. ಒಬ್ಬನಂತೂ ಕುರಿ ಕೂಗುತ್ತಿರುವಾಗಲೇ ಬನ್ ತಿನ್ನುತ್ತಾ ಫೋನ್ ನೋಡುತ್ತಿದ್ದ. ಆಟ ತಯಾರಿಯಲ್ಲಿ ಅವಳ ಪಾಲುದಾರನಾದ ಯೋರ್ನ್ ನಿನ್ನೆ ಖಡಾಖಂಡಿತವಾಗಿ ಹೇಳಿದ್ದ: "ನಾಳೆ ಬರೋರ ಕಣ್ಣೂ ಒದ್ದೆಯಾಗ್ಲಿಲ್ಲ ಅಂದ್ರೆ ಆ ಸೀನ್ ಕಿತ್ತುಹಾಕ್ತೀನಿ ಕಣೇ. ಆಮೇಲೆ ಮುಖ ಊದಿಸ್ಕೋಬೇಡ."

ಫ್ರೌ ಹಿನ್ರಿಕ್ಸ್ ಮೂವತ್ತು ವರ್ಷ ಸೈಕಲ್ ತುಳಿದು ಅಂಚೆ ಹಂಚಿ ನಿವೃತ್ತರಾದ ಹೆಂಗಸು. ಇಂಥ ಆಟಗಳಲ್ಲಿ ಪಳಗಿದ ಕೈ. ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಎಲ್ಲವನ್ನೂ ಎಲ್ಲದರ ಮೇಲೂ ಪ್ರಯೋಗಿಸಿ ನೋಡದೆ ಬಿಡುವವರಲ್ಲ. ಒನ್ನೊನ ಕೋಟನ್ನು ಕುರಿಗೆ ತೊಡಿಸಲು ಹೋದರು. ಅದು ಆಗುವುದಿಲ್ಲ. ಹಡಗಿನ ಕ್ಯಾಪ್ಟನ್ನಿಗೆ ಹೊಗೆಯಲ್ಲಿ ಒಣಗಿಸಿದ ಮೀನು ಲಂಚ ಕೊಡಲು ನೋಡಿದರು. ಅದೂ ಆಗುವುದಿಲ್ಲ. ಕೊನೆಗೆ ಒನ್ನೊನ ಟಿಕೆಟನ್ನೇ ಕುರಿಯ ಬಾಯಿಗಿಟ್ಟರು.

"ಇದೂ ಆಗಲ್ವಂತೆ!" ಅವರು ಗರ್ರನೆ ಹಿಂದಕ್ಕೆ ತಿರುಗಿದರು. "ನೀವೇ ತಾನೆ ಬರೆದಿದ್ದು? ತಲೆ ಇದೆ ಕಣಮ್ಮ ನಿಮಗೆ, ಕರುಳಿಲ್ಲ."

ವೀಬ್ಕೆ ಗೋಡೆಯ ನಿಯಮದ ಕಡೆ ನೋಡಿದಳು. ಅವಳಿಗೆ ನಿಜಕ್ಕೂ ನಾಚಿಕೆಯಾಗಿತ್ತು. ಲಂಚದ ಮೀನು ಅವಳಿಗೆ ಹೊಳೆದೇ ಇರಲಿಲ್ಲ. ಬೇಕಾದಲ್ಲಿ ತಿರುಗಾಡಿ ಎಂದು ಇಡೀ ದ್ವೀಪವನ್ನೇ ಆಡುವವರ ಕೈಗೆ ಕೊಟ್ಟು, ಕೊನೆಯಲ್ಲಿ ಮಾತ್ರ ಕತ್ತು ಹಿಡಿದು ಒಂದೇ ಬಾಗಿಲಿಗೆ ನೂಕಿದ್ದಳು.

"ಸಿಕ್ಕಿಹಾಕ್ಕೊಂಡ್ರು ಅನ್ಸುತ್ತೆ. ಹಗ್ಗ ಅಂತ ಹೇಳ್ಬಿಡ್ಲಾ?" ಪಕ್ಕದಲ್ಲೇ ನಿಂತಿದ್ದ ಯೋರ್ನ್ ಅವಳ ಕಿವಿಯಲ್ಲಿ ಉಸುರಿದ.

ಹಿನ್ರಿಕ್ಸರ ಕಿವಿ ಚುರುಕು. "ಹಗ್ಗ ಬಿಚ್ಚಬೇಕು ಅಂತ ನಂಗೆ ಆಗ್ಲೇ ಗೊತ್ತಾಯ್ತಪ್ಪ. ಪುಸ್ತಕದಲ್ಲಾಗಿದ್ರೆ ಅವನೇ ಬಿಚ್ಚಿ ಹೋಗ್ತಿದ್ದ, ನಾನು ಎರಡು ಹನಿ ಅತ್ತು ಮಲ್ಕೋತಿದ್ದೆ. ಇಲ್ಲಿ ನನ್ ಕೈಯಿಂದ ಬಿಚ್ಚಿಸ್ತೀರಲ್ಲ! ನಾನು ಬಿಚ್ಚಲ್ಲ."

ಹಾಗೆಂದವರೇ ಪರದೆಯಲ್ಲಿ ಕಾಣುತ್ತಿದ್ದ ದಡದ ಬೆಂಚಿನ ಮೇಲೆ ಮೌಸ್ ಒತ್ತಿದರು. ಒನ್ನೊ ನಿಧಾನವಾಗಿ ಹೋಗಿ ಕೂತುಕೊಂಡ. ಮೊದಲ ಅಧ್ಯಾಯಕ್ಕೆಂದು ಮಾಡಿದ್ದ ಬೆಂಚು, ವೀಬ್ಕೆ ಅದನ್ನು ಮರೆತೇಬಿಟ್ಟಿದ್ದಳು. ಅವನು ಹೋದಲ್ಲೆಲ್ಲ ಹಿಂಬಾಲಿಸುವ ಕುರಿ ಬಂದು ಮೊಣಕಾಲಿಗೆ ಒರಗಿ ನಿಂತಿತು. ಹಡಗು ಕೂಗಿತು, ಹೊರಟಿತು, ಕಾಣದಾಯಿತು. ಮುಂದೇನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಡದ ಕಾರಣ ಮತ್ತೆ ಬಂದು ಕೂಗಿತು, ಮತ್ತೆ ಹೊರಟಿತು. ಅಲ್ಲಿ ಕಥೆಯೂ ಇರಲಿಲ್ಲ, ಸಂಗೀತವೂ ಇರಲಿಲ್ಲ. ಬರೀ ಗಾಳಿಯ ಸದ್ದು.

ಹತ್ತು ನಿಮಿಷ ಹಾಗೇ ಕಳೆಯಿತು. ಫ್ರೌ ಹಿನ್ರಿಕ್ಸ್ ತಟ್ಟೆಯಲ್ಲಿದ್ದ ಬೆಣ್ಣೆ ಕೇಕಿನ ಚೂರನ್ನು ತಿಂದು ಮುಗಿಸಿದರು, ಕಾಫಿ ಕುಡಿದರು, ಮುಚ್ಚುಮರೆಯಿಲ್ಲದೆ ಕಣ್ಣೊರೆಸಿಕೊಂಡು ಎದ್ದರು.

"ಎಷ್ಟು ಚೆನ್ನಾಗಿ ಮುಗಿಸಿದ್ದೀರಮ್ಮ! ಎಲ್ಲಿ ಆ ಪಾಪದ ಕುರೀನ ಬಿಟ್ಟುಹೋಗೋ ಹಾಗೆ ಮಾಡೇಬಿಡ್ತೀರೋ ಅಂತ ಜೀವ ಬಾಯಿಗೆ ಬಂದಿತ್ತು. ಕರುಳಿಲ್ಲ ಅಂದ್ಬಿಟ್ಟೆ, ತಪ್ಪಾಯ್ತು."

ಯೋರ್ನ್ ಏನೋ ಹೇಳಲು ಬಾಯಿ ತೆರೆದ. ವೀಬ್ಕೆ ಅವನ ಕಾಲು ತುಳಿದಳು. ಆರು ತಿಂಗಳಿಂದ ಕಾದಿದ್ದ ಕಣ್ಣೀರು ಕೊನೆಗೂ ಬಂದಿತ್ತು, ಅದೂ ಅವಳು ಬರೆಯದೇ ಇದ್ದ ಜಾಗದಲ್ಲಿ. ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನಿಸಿತು ಅವಳಿಗೆ.

ಹಿನ್ರಿಕ್ಸ್ ಕೋಟಿನ ಒಂದು ತೋಳು ಹಾಕಿಕೊಂಡವರು ಬಾಗಿಲ ಬಳಿ ನಿಂತರು. "ಒಂದು ಮಾತ್ರ ನಂಗೆ ಹಿಡಿಸ್ಲಿಲ್ಲ. ಅಷ್ಟೊತ್ತು ಕಾದ್ರೂ ನಿಮ್ಮ ಹೆಸರೇ ಬರ್ಲಿಲ್ಲ. ಕಥೆ ಮುಗಿದ ಮೇಲೆ ಮಾಡಿದೋರ ಹೆಸರು ಬರ್ಬೇಕು ತಾನೆ?"

ವೀಬ್ಕೆ ಯೋರ್ನ್ ಮುಖ ನೋಡಲಿಲ್ಲ.

"ನಾಳೆಯಿಂದ ಆ ಬೆಂಚಿನ ಹತ್ರಾನೇ ಬರುತ್ತೆ, ಫ್ರೌ ಹಿನ್ರಿಕ್ಸ್," ಎಂದಳು.