ಮೊಹರಿನ ಜಾಗ

ಫೈಲು ತೆರೆಯುವ ಮೊದಲು ಕಂಪ್ಯೂಟರ್ ಎಂದಿನಂತೆ ತಕರಾರು ತೆಗೆಯಿತು: ಇದು ಬೇರೆ ಸಾಫ್ಟ್‌ವೇರಿನಲ್ಲಿ ಮಾಡಿದ್ದು, ಕೆಲವು ಭಾಗ ಕಾಣಿಸದೇ ಇರಬಹುದು. ಕೌಂಟರಿನಲ್ಲಿದ್ದ ದೀಪಶ್ರೀ ಎಂದಿನಂತೆ 'ಓಕೆ' ಒತ್ತಿದಳು. ಬೆಳುವಾಯಿಯ ಆ ಪುಟ್ಟ ಕ್ಲಿನಿಕ್ಕಿಗೆ ಪುಕ್ಕಟೆ ಸಾಫ್ಟ್‌ವೇರ್ ಹಾಕಿಸಿದಂದಿನಿಂದ ಹೊರಗಿನ ಫೈಲು ಯಾವುದು ಬಂದರೂ ಇದೇ ರಗಳೆ. ಆದರೆ ಒತ್ತಿದ ಮೇಲೆ ಎಲ್ಲ ನೆಟ್ಟಗೆ ತೆರೆದುಕೊಳ್ಳುತ್ತಿತ್ತು. ಇದೂ ತೆರೆದುಕೊಂಡಿತು. ಶಾಹಿದಾ ಉಮ್ಮನಿಗೆ ಕಳೆದ ವರ್ಷ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆದಾಗಿನ ವರದಿ. ಮಗ ಅಝೀಮ್ ಸೌದಿಯ ದಮ್ಮಾಮಿನಿಂದ ಕ್ಲಿನಿಕ್ಕಿನ ವಾಟ್ಸಾಪಿಗೆ ಆಗಷ್ಟೇ ಕಳಿಸಿದ್ದ. ದೀಪಶ್ರೀ ಪ್ರಿಂಟ್ ತೆಗೆದು, ಮೇಲಿನ ಬಲಮೂಲೆಯ ಖಾಲಿ ಜಾಗಕ್ಕೆ ಕ್ಲಿನಿಕ್ಕಿನ ನೇರಳೆ ಮೊಹರು ಒತ್ತಿದಳು. ಆ ಆಸ್ಪತ್ರೆಯ ವರದಿಗಳಲ್ಲಿ ಮೊಹರಿಗೆಂದೇ ಬಿಟ್ಟ ಹಾಗೆ ಅಷ್ಟು ಜಾಗ ಇರುತ್ತಿತ್ತು.

ವಯಸ್ಸಾದ ಡಾಕ್ಟರಿಗೆ ಸಣ್ಣ ಅಕ್ಷರ ಕಾಣದು. ಅವಳೇ ಪಕ್ಕದಲ್ಲಿ ನಿಂತು ಓದಿ ಹೇಳುವುದು ವಾಡಿಕೆ. ಹೆಸರು, ವಯಸ್ಸು, ಸಕ್ಕರೆ, ಬಿಪಿ, ಆಪರೇಷನ್. ಶಾಹಿದಾ ಉಮ್ಮ ಬಾತ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಜ್ವರದಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೈಯಲ್ಲಿ ಜಪದ ತಸ್ಬೀಹ್ ಮಣಿ ಮೆಲ್ಲನೆ ಸರಿಯುತ್ತಿತ್ತು.

"ಯಾವುದಾದರೂ ಮದ್ದು ಮೈಗೆ ಆಗುವುದಿಲ್ಲ ಅಂತ ಉಂಟಾ ಅದರಲ್ಲಿ?"

"ಏನೂ ಇಲ್ಲ ಸರ್."

"ಒಂದು ಸಾಲು ಬಿಟ್ಟಿಯಲ್ಲ ಮಗಳೇ." ಮಣಿ ನಿಂತಿತು. "ನನ್ನ ಹೆಸರಿಗಿಂತ ಮೊದಲು ಒಂದು ಉಂಟು. ಅಝೀಮ್ ಫೋನಿನಲ್ಲಿ ಓದುವಾಗ ಮೊದಲು ಅದೇ ಬರುವುದು."

"ಏನಂತ ಉಂಟು ಉಮ್ಮ?"

"ಇಂಗ್ಲಿಷ್ ನನ್ನ ಬಾಯಿಗೆ ಬರ್ತದಾ? ಕೇಳಿದರೆ ಗೊತ್ತಾಗ್ತದೆ."

ಡಾಕ್ಟರು ನಕ್ಕರು. "ಇದು ನಿಮ್ಮ ಗುರುವಾರದ ಮಾಲೆ ಹಾಡು ಅಲ್ಲ ಉಮ್ಮ, ಬೈತಿನ ಒಂದು ಸಾಲು ತಪ್ಪಿತು ಅಂತ ಹಿಡಿಯಲಿಕ್ಕೆ. ಜ್ವರ ತಲೆಗೆ ಏರಿದೆ ನಿಮಗೆ. ಒಂದು ಇಂಜೆಕ್ಷನ್ ಕೊಡುವ." ಚೀಟಿ ಬರೆದು ಒಳಗೆ ಸಿಸ್ಟರ್ ಸಾತ್ವಿಕಾಳಲ್ಲಿಗೆ ಕಳಿಸಿದರು.

ಕೌಂಟರಿಗೆ ಮರಳಿದ ದೀಪಶ್ರೀಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಅವಳ ಅಜ್ಜ ಭಾರತ ಓದುತ್ತಿದ್ದಾಗ ಮೂಲೆಯಲ್ಲಿ ಕಣ್ಣು ಕಾಣದ ಅತ್ತಜ್ಜಿ ಒಬ್ಬರು ಕೂರುತ್ತಿದ್ದರು. ಒಂದು ಸಾಲು ಹಾರಿದರೆ ಸಾಕು, "ಹ್ಞೂಂ?" ಎಂದು ಅಜ್ಜನನ್ನೇ ನಿಲ್ಲಿಸುತ್ತಿದ್ದರು. ಕಿವಿಯಿಂದ ಕಲಿತವರಿಗೆ ಅರ್ಥ ತಪ್ಪೀತು, ಸಾಲು ತಪ್ಪುವುದಿಲ್ಲ. ಹಾಳೆಯನ್ನು ಮತ್ತೆ ನೋಡಿದಳು. ಒಂದಕ್ಷರವೂ ಅಳಿಸಿರಲಿಲ್ಲ. ಸುಮ್ಮನೆ, ಮನಸ್ಸಿನ ಸಮಾಧಾನಕ್ಕೆ, ಅದೇ ಫೈಲನ್ನು ಕ್ಲಿನಿಕ್ಕಿನ ಮೊಬೈಲಿನಲ್ಲಿ ತೆರೆದಳು.

ಬಲಮೂಲೆಯಲ್ಲಿ, ಕಂಪ್ಯೂಟರಿನಲ್ಲಿ ಕಾಣದಿದ್ದ ಒಂದು ಕೆಂಪು ಚೌಕ ಇತ್ತು. ಅದರೊಳಗೆ ದಪ್ಪಕ್ಷರದಲ್ಲಿ, ಡಾಕ್ಟರು ಈಗಷ್ಟೇ ಚೀಟಿಯಲ್ಲಿ ಬರೆದ ಇಂಜೆಕ್ಷನ್ನಿನ ಹೆಸರು. ಆಪರೇಷನ್ ಹೊತ್ತಿನಲ್ಲಿ ಇದರಿಂದ ಉಸಿರು ನಿಂತಿತ್ತು, ಇನ್ನೆಂದೂ ಕೊಡಕೂಡದು. ಹಾಳೆಯಲ್ಲಿ ಅದೇ ಜಾಗದಲ್ಲಿ ಅವಳ ಮೊಹರು ಇನ್ನೂ ಪೂರ್ತಿ ಒಣಗಿರಲಿಲ್ಲ.

ಓಡಿದಳು. ಒಳಕೋಣೆಯ ಪರದೆಯನ್ನು ಎಳೆದ ರಭಸಕ್ಕೆ ಕೊಂಡಿಗಳು ಕಿತ್ತು ಬಂದವು. ಸಾತ್ವಿಕಾ ತೋಳಿಗೆ ಹತ್ತಿ ಒರೆಸಿ ಆಗಿತ್ತು. ಸೂಜಿ ಚರ್ಮಕ್ಕೆ ತಾಗುವುದರಲ್ಲಿತ್ತು. ದೀಪಶ್ರೀ ಅವಳ ಮಣಿಕಟ್ಟನ್ನು ಹಿಡಿದೇಬಿಟ್ಟಳು.

"ಎಂತ ಮಾರಾಯ್ತಿ, ನನ್ನ ಕೈಗೇ ಚುಚ್ಚುತ್ತಿತ್ತಲ್ಲ!"

"ಬೇಡ... ಅದು ಬೇಡ."

ಶಾಹಿದಾ ಉಮ್ಮ ಕಣ್ಣು ತೆರೆದರು. "ಸಿಕ್ಕಿತಾ ಮಗಳೇ?"

ದೀಪಶ್ರೀ ಮೊಬೈಲು ನೋಡಿ ಆ ಒಂದು ಸಾಲನ್ನು ಓದಿದಳು. ಉಮ್ಮ ತಲೆದೂಗಿದರು. "ಹಾಂ, ಅದೇ," ಎಂದು ನಿಂತ ಮಣಿಯನ್ನು ಮುಂದಕ್ಕೆ ಸರಿಸಿದರು.

ಡಾಕ್ಟರು ಬಂದರು, ಚೀಟಿ ಹರಿದರು, ಬೇರೆ ಮದ್ದು ಬರೆದರು. ದೀಪಶ್ರೀ ಕೌಂಟರಿಗೆ ಬಂದಳು. ಮೊಹರು ಒತ್ತಿದ ವರದಿಗಳನ್ನೆಲ್ಲ ಒಟ್ಟಿದ್ದ ಕಪಾಟಿನ ಮೇಲೆ ಅವಳ ಕಣ್ಣು ಹೋಯಿತು.

ಎಲ್ಲಕ್ಕಿಂತ ಮೇಲಿದ್ದುದು ಪುತ್ತಿಗೆಯ ಕೂಸಪ್ಪನವರ ಹಾಳೆ. ಮಂಗಳೂರಿನ ಅದೇ ಆಸ್ಪತ್ರೆಯದು. ಅವರು ಬೆಳಿಗ್ಗೆಯಷ್ಟೇ ಇಂಜೆಕ್ಷನ್ ಹಾಕಿಸಿಕೊಂಡು, "ಬರ್ತೇನೆ ಆಯ್ತಾ?" ಎಂದು ನಗುತ್ತಾ ಬಸ್ಸು ಹತ್ತಿದ್ದರು. ಅವರ ಫೈಲನ್ನು ಮೊಬೈಲಿನಲ್ಲಿ ಒತ್ತಿದಳು. ನೆಟ್‌ವರ್ಕ್ ಸಾಲದೆ ಬಿಳಿ ತೆರೆಯ ಮೇಲೆ ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಹಾಳೆಯ ಬಲಮೂಲೆಯಲ್ಲಿ ಮೊಹರು ಎಷ್ಟು ಚೆಂದ ಬಿದ್ದಿತ್ತು, ಒಂದಿಷ್ಟೂ ಓರೆಯಾಗಿರಲಿಲ್ಲ.